ಎಲ್ಲದಕ್ಕೂ ‘ಇಲ್ಲ’ ಎನ್ನುತ್ತಿದ್ದ ಮೇಷ್ಟ್ರು: ಮಾತು ಮತ್ತು ನುಂಗುವಿಕೆಯ ಒಂದು ಪ್ರಕರಣ

ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ವಯಸ್ಸು 63. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಒಂದು ಬೆಳಗ್ಗೆ ಎದ್ದಾಗ ಅವರ ಬಲಗೈ ಮೇಲೇಳಲಿಲ್ಲ. ಬಾಯಿ ಸೊಟ್ಟಗಾಗಿತ್ತು. ಹೆಂಡತಿ ಗಾಬರಿಯಾಗಿ "ಏನಾಯ್ತು ರೀ?" ಅಂದರೆ ಬಂದದ್ದು ಒಂದೇ ಮಾತು: "ಇಲ್ಲ." ಸ್ಕ್ಯಾನ್ ಮಾಡಿದಾಗ ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳದ ಒಂದು ಕವಲು ಕಟ್ಟಿಕೊಂಡಿರುವುದು ಕಂಡಿತು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇವರಿಗೆ ನಿದ್ದೆಯಲ್ಲಿ ಯಾವ ಹೊತ್ತಿಗೆ ಆಯಿತೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ದಾರಿ ಮುಚ್ಚಿತ್ತು.

ನಾನು ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರು ಅಂತಲೇ ಜನ ನಮ್ಮನ್ನು ತಿಳಿದಿರುತ್ತಾರೆ. ಊಟ ಗಂಟಲಲ್ಲಿ ಸರಿಯಾಗಿ ಇಳಿಯುವಂತೆ ಮಾಡುವುದೂ ನಮ್ಮದೇ ಕೆಲಸ. ಮಾತಾಡಲು ಬಳಸುವ ತುಟಿ, ನಾಲಗೆ, ಅಂಗುಳ, ಧ್ವನಿಪೆಟ್ಟಿಗೆಯನ್ನೇ ನುಂಗಲೂ ಬಳಸುತ್ತೇವೆ, ಅಲ್ವಾ? ಮೇಷ್ಟ್ರ ವಿಷಯದಲ್ಲಿ ಈ ಎರಡು ತೊಂದರೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದನ್ನು ನಾನು ಸಮಯಕ್ಕೆ ಗಮನಿಸಲಿಲ್ಲ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಮೂರನೇ ದಿನ

ನನ್ನನ್ನು ಕರೆಸಿದ್ದು ಮಾತಿನ ಪರೀಕ್ಷೆಗೆ. ಎರಡನೇ ದಿನವೇ ವಾರ್ಡಿನಲ್ಲಿ ಅವರಿಗೆ ನೀರು ಕುಡಿಸಿ ನೋಡಿದ್ದರು. ಕೆಮ್ಮಲಿಲ್ಲ. ಸರಿ ಅಂತ ಮೆತ್ತಗಿನ ಊಟ ಮತ್ತು ನೀರು ಶುರು ಮಾಡಿದ್ದರು. ನಾನು ಹೋದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಹೆಂಡತಿ ಆಗಷ್ಟೇ ನೀರು ಕುಡಿಸಿದ್ದರು.

"ಸರ್, ನುಂಗೋಕೆ ಏನಾದ್ರೂ ತೊಂದರೆ ಇದೆಯಾ?"

"ಇಲ್ಲ."

"ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತಾ?"

"ಇಲ್ಲ, ಇಲ್ಲ."

ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ಅನುಮಾನವೇ ಬರಲಿಲ್ಲ. ನಮ್ಮ ಕಣ್ಣು ನೋಡಿ, ತಲೆ ಅಲ್ಲಾಡಿಸಿ, ಬೇಸರವಿಲ್ಲದ ದನಿಯಲ್ಲಿ ಹೇಳಿದರು. ಪಕ್ಕದಲ್ಲಿದ್ದ ಹೆಂಡತಿ, "ಅದೊಂದು ಪುಣ್ಯ ಮೇಡಂ, ಊಟಕ್ಕೇನೂ ತೊಂದರೆ ಇಲ್ಲ" ಅಂದರು. ನಾನು ಫೈಲಿನಲ್ಲಿ ‘ನುಂಗಲು ತೊಂದರೆ ಇಲ್ಲವೆಂದು ಹೇಳುತ್ತಾರೆ’ ಎಂದು ಬರೆದು ಮಾತಿನ ಪರೀಕ್ಷೆಗೆ ಹೋದೆ.

ಐದನೇ ದಿನ ಜ್ವರ ಬಂತು. ಉಸಿರಾಟ ಜೋರಾಯಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಮಸುಕಾಗಿತ್ತು. ನ್ಯುಮೋನಿಯಾ.

ಆ ಸಂಜೆ ಮತ್ತೆ ಅವರ ಹಾಸಿಗೆ ಪಕ್ಕ ಕೂತೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಆಗ ಕೇಳಿದೆ.

"ಸರ್, ನೀವು ಗಣಿತದ ಮೇಷ್ಟ್ರಾ?"

"ಇಲ್ಲ."

"ಇವರು ನಿಮ್ಮ ಹೆಂಡತಿನಾ?"

"ಇಲ್ಲ."

"ದೀಪ ಉರೀತಾ ಇದೆಯಾ?"

"ಇಲ್ಲ."

ಒಟ್ಟು 20 ಪ್ರಶ್ನೆ ಕೇಳಿದೆ. ಹತ್ತಕ್ಕೆ ಸರಿಯಾದ ಉತ್ತರ ‘ಹೌದು’, ಹತ್ತಕ್ಕೆ ‘ಇಲ್ಲ’. ಇಪ್ಪತ್ತಕ್ಕೂ ಅವರು ಹೇಳಿದ್ದು ‘ಇಲ್ಲ’ ಒಂದೇ. ಲೆಕ್ಕ ಹಾಕಿದರೆ 20ಕ್ಕೆ 10 ಸರಿ. ನಿಜಕ್ಕೂ ಅದರಲ್ಲಿ ಒಂದೂ ಉತ್ತರವೇ ಅಲ್ಲ.

ಲಕ್ವಾದಿಂದ ಮಾತು ಹೋದ ಕೆಲವರಲ್ಲಿ ಒಂದೇ ಒಂದು ಪದ ಅಥವಾ ಶಬ್ದ ಉಳಿದುಬಿಡುತ್ತದೆ. ಬಾಯಿ ತೆರೆದರೆ ಅದೇ ಬರುತ್ತದೆ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿಯ ಬಾಯಲ್ಲಿ ಉಳಿದಿದ್ದದ್ದು ‘ಟಾನ್’ ಎಂಬ ಶಬ್ದ. ಆ ರೋಗಿ ತೀರಿಕೊಂಡ ಮೇಲೆ ಮಿದುಳು ನೋಡಿದಾಗ ಎಡಗಡೆಯ ಮುಂಭಾಗ ಹಾಳಾಗಿತ್ತು. ಮಾತು ಹೊರಡಿಸುವ ಆ ಜಾಗವನ್ನು ಈಗಲೂ ಬ್ರೋಕಾನ ಹೆಸರಿನಿಂದಲೇ ಕರೆಯುತ್ತೇವೆ. ಮೇಷ್ಟ್ರಿಗೂ ಪೆಟ್ಟು ಬಿದ್ದದ್ದು ಅಲ್ಲೇ. ಆದರೆ ‘ಟಾನ್’ ಎಂದರೆ ಯಾರೂ ಮೋಸ ಹೋಗುವುದಿಲ್ಲ, ಅದಕ್ಕೆ ಅರ್ಥವಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ‘ಇಲ್ಲ’ಕ್ಕೆ ಅರ್ಥವಿದೆ. ತೊಂದರೆ ಇದೆಯಾ ಎಂದು ಕೇಳುವವರಿಗೆ ಬೇಕಾದ ಉತ್ತರವೂ ಅದೇ. ಹಾಗಾಗಿ ನಾವೆಲ್ಲ ನಂಬಿದೆವು.

ಇನ್ನೊಂದು ಮಾತು. ಮೂರನೇ ದಿನ ಅವರು ‘ಇಲ್ಲ’ ಅಂದಾಗ ಧ್ವನಿ ಗೊರಗೊರ ಅಂತಿತ್ತು. ಗಂಟಲಲ್ಲಿ ನೀರು ನಿಂತ ಹಾಗೆ. ಅದು ನನ್ನ ಟಿಪ್ಪಣಿಯಲ್ಲೇ ಇದೆ: ‘ಧ್ವನಿ ಸ್ವಲ್ಪ ಒದ್ದೆ’. ಬರೆದಿದ್ದೆ, ಆದರೆ ಹಾಗೇಕೆ ಅಂತ ನಿಂತು ಯೋಚಿಸಲಿಲ್ಲ. ತೊಂದರೆ ಇಲ್ಲ ಅಂತ ಹೇಳಿದ ಪದದಲ್ಲೇ ತೊಂದರೆ ಕೇಳಿಸುತ್ತಿತ್ತು.

ಗಂಟಲೊಳಗೆ ನೋಡಿದಾಗ

ಜ್ವರ ಇಳಿದ ಮೇಲೆ, ಏಳನೇ ದಿನ, ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ನುಂಗುವುದನ್ನು ನೋಡಿದೆವು. ನೀರಿಗೆ ಬಣ್ಣ ಬೆರೆಸಿ ಚಮಚದಲ್ಲಿ ಕೊಟ್ಟೆವು.

ನುಂಗುವುದು ಸುಮ್ನೆ ಆಗುವ ಕೆಲಸದ ಹಾಗೆ ಕಾಣುತ್ತದೆ. ಒಳಗೆ ಅದು ಹೆಚ್ಚುಕಡಿಮೆ ಒಂದೇ ಸೆಕೆಂಡಿನ ಆಟ. ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಮೃದು ಅಂಗುಳ ಮೇಲೇರಿ ಮೂಗಿನ ದಾರಿ ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜರುಗಿ ನಾಲಗೆಯ ಬುಡದಡಿ ಅಡಗುತ್ತದೆ. ಧ್ವನಿತಂತುಗಳು ಬಿಗಿಯಾಗಿ ಸೇರುತ್ತವೆ. ಅದೇ ಹೊತ್ತಿಗೆ ಅನ್ನನಾಳದ ಬಾಗಿಲು ತೆರೆದು ತುತ್ತು ಕೆಳಗಿಳಿಯುತ್ತದೆ. ಇದರಲ್ಲಿ ಒಂದು ಹೆಜ್ಜೆ ತಡವಾದರೂ ತುತ್ತು ತಪ್ಪು ದಾರಿ ಹಿಡಿಯಬಹುದು. ‘ನೆತ್ತಿಗೆ ಹತ್ತಿತು’ ಅನ್ನುತ್ತೇವಲ್ಲ, ಆಗ ನಿಜವಾಗಿ ಅದು ಹೋಗಲು ಹೊರಟಿರುವುದು ಕೆಳಕ್ಕೆ, ಗಾಳಿಕೊಳವೆಗೆ. ಕೆಮ್ಮು ಬಂದು ಅದನ್ನು ವಾಪಸ್ ಎಸೆಯುತ್ತದೆ.

ಮೇಷ್ಟ್ರಿಗೆ ನೆತ್ತಿಗೆ ಹತ್ತುತ್ತಲೇ ಇರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಪರದೆಯ ಮೇಲೆ ಕಂಡದ್ದು ಹೀಗೆ. ಬಣ್ಣದ ನೀರು ನಾಲಗೆ ದಾಟಿ ಗಂಟಲಿಗೆ ಜಾರಿತು. ನುಂಗುವ ಕ್ರಿಯೆ ಇನ್ನೂ ಶುರುವಾಗಿರಲಿಲ್ಲ. ನೀರು ಧ್ವನಿಪೆಟ್ಟಿಗೆಯ ಪಕ್ಕದ ತಗ್ಗಿನಲ್ಲಿ ತುಂಬಿತು, ಅಂಚು ದಾಟಿತು, ತೆರೆದೇ ಇದ್ದ ಧ್ವನಿತಂತುಗಳ ನಡುವೆ ಒಂದು ಸಣ್ಣ ಎಳೆಯಾಗಿ ಒಳಗಿಳಿಯಿತು. ಆಮೇಲೆ ನುಂಗಿದರು. ಧ್ವನಿತಂತುಗಳ ಕೆಳಗೆ ಬಣ್ಣ ಎದ್ದು ಕಾಣುತ್ತಿತ್ತು. ನಾನು ಕಾದೆ. ಕೆಮ್ಮಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ಸರ್, ಏನಾದ್ರೂ ಆಯ್ತಾ?" ಅಂದೆ. "ಇಲ್ಲ" ಅಂದರು, ಅದೇ ಒದ್ದೆ ಧ್ವನಿಯಲ್ಲಿ.

ಆಹಾರ ಗಾಳಿಕೊಳವೆಯ ಕಡೆ ಎಷ್ಟು ಆಳಕ್ಕೆ ಹೋಗುತ್ತದೆ, ಅದಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ಅಳೆಯಲು 1996ರಲ್ಲಿ ಬಂದ 8 ಹಂತದ ಒಂದು ಅಳತೆ ಇದೆ. 1 ಎಂದರೆ ಏನೂ ಹೋಗಿಲ್ಲ. 8 ಎಂದರೆ ಧ್ವನಿತಂತುಗಳ ಕೆಳಗೂ ಹೋಗಿದೆ, ಹೊರಹಾಕುವ ಪ್ರಯತ್ನವೂ ಇಲ್ಲ. ತೆಳು ನೀರಿಗೆ ಮೇಷ್ಟ್ರದು 8. ಗಂಟಲಿಗೆ ಮುಟ್ಟಿದ್ದು ತಿಳಿಯುವ ನರಗಳ ಸೂಕ್ಷ್ಮತೆ ಕಡಿಮೆಯಾದಾಗ ಹೀಗೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಸಿಗೆ ಪಕ್ಕ ನೀರು ಕುಡಿಸಿ ಕೆಮ್ಮಿಗೆ ಕಾಯುವ ಪರೀಕ್ಷೆಯಿಂದ ತುಂಬಾ ಉಪಯೋಗವಿದೆ. ಆದರೆ ಇಂಥವರು ಆ ಜರಡಿಯ ಕಣ್ಣಿನಲ್ಲಿ ನುಸುಳಿಬಿಡುತ್ತಾರೆ.

ಒಳ್ಳೆಯ ಸುದ್ದಿಯೂ ಸಿಕ್ಕಿತು. ನೀರನ್ನು ಸ್ವಲ್ಪ ಮಂದ ಮಾಡಿ ಕೊಟ್ಟಾಗ ಅದು ನಿಧಾನವಾಗಿ ಇಳಿಯಿತು, ನುಂಗುವ ಕ್ರಿಯೆ ಶುರುವಾಗುವಷ್ಟು ಹೊತ್ತು ಸಿಕ್ಕಿತು, ಒಳಗೆ ಹೋಗಲಿಲ್ಲ. ನುಣ್ಣಗೆ ರುಬ್ಬಿದ್ದು ಕೊಟ್ಟಾಗ ಗಂಟಲಿನ ಬಲಗಡೆ ಒಂದಿಷ್ಟು ಉಳಿಯಿತು. ತಲೆಯನ್ನು ಬಲಕ್ಕೆ ತಿರುಗಿಸಿ ನುಂಗಿಸಿದೆ. ಸೋತ ಕಡೆಗೆ ತಲೆ ತಿರುಗಿಸಿದರೆ ಆ ಬದಿಯ ದಾರಿ ಕಿರಿದಾಗಿ ತುತ್ತು ಗಟ್ಟಿ ಇರುವ ಬದಿಯಿಂದ ಇಳಿಯುತ್ತದೆ. ಉಳಿದದ್ದು ಬಹುಪಾಲು ಹೋಯಿತು. ಇಡೀ ಚಿಕಿತ್ಸೆಗೆ ಇದೇ ಬುನಾದಿಯಾಯಿತು. ಬರೀ ಊಹೆಯ ಮೇಲೆ ತಲೆ ತಿರುಗಿಸಲು, ಗದ್ದ ತಗ್ಗಿಸಲು ಹೇಳುವವರಿದ್ದಾರೆ. ಒಬ್ಬರಿಗೆ ಒಳ್ಳೆಯದಾದದ್ದು ಇನ್ನೊಬ್ಬರಿಗೆ ಕೆಡುಕಾಗಬಹುದು. ನೋಡಿಯೇ ಹೇಳಬೇಕು.

ಕೊಳವೆಯ ದಿನಗಳು

ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದರು. ಹೆಂಡತಿಗೆ ಅದು ಸೋಲಿನ ಹಾಗೆ ಕಂಡಿತು. "ಬಾಯಲ್ಲಿ ತಿನ್ನುತ್ತಿದ್ದವರಿಗೆ ಕೊಳವೆ ಹಾಕಿಬಿಟ್ಟಿರಲ್ಲ ಮೇಡಂ" ಅಂದರು. ಪರೀಕ್ಷೆಯ ವಿಡಿಯೊ ತೋರಿಸಿದೆ. ಬಣ್ಣ ಒಳಗಿಳಿಯುವುದನ್ನು ಎರಡು ಸಲ ನೋಡಿದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಎಷ್ಟು ಮಾತಲ್ಲಿ ಹೇಳಿದರೂ ಆ ಹತ್ತು ಸೆಕೆಂಡಿನ ವಿಡಿಯೊ ತಿಳಿಸಿದಷ್ಟು ತಿಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಕೊಳವೆ ಇದ್ದಷ್ಟು ದಿನ ಬಾಯಿಯ ಶುಚಿ ಅತಿ ಮುಖ್ಯ. ಬಾಯಲ್ಲಿ ಊಟ ಮಾಡುತ್ತಿಲ್ಲ, ಹಲ್ಲುಜ್ಜುವುದೇಕೆ ಅನ್ನಿಸುತ್ತದೆ. ಆದರೆ ಜೊಲ್ಲು ಗಂಟಲಿಗೆ ಇಳಿಯುತ್ತಲೇ ಇರುತ್ತದೆ. ಬಾಯಿ ಕೊಳಕಾಗಿದ್ದರೆ ಅದರ ಜೊತೆ ರೋಗಾಣುಗಳೂ ಶ್ವಾಸಕೋಶಕ್ಕೆ ಹೋಗುತ್ತವೆ. ನ್ಯುಮೋನಿಯಾ ಬರಿಸುವುದು ಹೆಚ್ಚಾಗಿ ಅವೇ. ಸಿಸ್ಟರುಗಳು ದಿನಕ್ಕೆ ಮೂರು ಸಲ ಹಲ್ಲು, ನಾಲಗೆ, ಕೆನ್ನೆಯ ಒಳಭಾಗ ಉಜ್ಜಿದರು. ಬಲ ಕೆನ್ನೆಯಲ್ಲಿ ಸಿಕ್ಕಿಕೊಂಡದ್ದು ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ. ಅಲ್ಲಿ ಬೆರಳಿಗೆ ಬಟ್ಟೆ ಸುತ್ತಿ ತೆಗೆಯಬೇಕಿತ್ತು.

ಹತ್ತನೇ ದಿನದಿಂದ ನಾನು ಮಂದ ಮಾಡಿದ ನೀರನ್ನು ಕೆಲವೇ ಚಮಚದಷ್ಟು ಕೊಟ್ಟು ನುಂಗಿಸತೊಡಗಿದೆ. ನುಂಗುವುದಕ್ಕೆ ನುಂಗುವುದೇ ಒಳ್ಳೆಯ ವ್ಯಾಯಾಮ. ಇದರ ಬಗ್ಗೆ ಇನ್ನೊಂದು ಸಮಾಧಾನದ ವಿಷಯವಿದೆ. ಮಾತು ಬಹುತೇಕ ಜನರಲ್ಲಿ ಮಿದುಳಿನ ಎಡಭಾಗವನ್ನು ನೆಚ್ಚಿಕೊಂಡಿರುತ್ತದೆ. ನುಂಗುವುದಕ್ಕೆ ಮಿದುಳಿನ ಎರಡೂ ಭಾಗದಲ್ಲಿ ಜಾಗವಿದೆ. ಒಂದು ಕಡೆ ಪೆಟ್ಟಾದರೆ ಇನ್ನೊಂದು ಕಡೆ ನಿಧಾನವಾಗಿ ಕೆಲಸ ವಹಿಸಿಕೊಳ್ಳಬಹುದು. ಲಕ್ವಾ ಆದವರಲ್ಲಿ ಬಹಳ ಮಂದಿಗೆ ಮಾತಿಗಿಂತ ಮೊದಲು ನುಂಗುವಿಕೆ ಸುಧಾರಿಸುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿದೆ. ಊಟ ಸರಿಯಾಯಿತಲ್ಲ, ಮಾತು ಯಾಕೆ ಬರಲಿಲ್ಲ ಅಂತ ಆಮೇಲೆ ಕಂಗೆಡಬಾರದು ಅಂತ.

ಬೇಕು, ಸಾಕು

ಈಗ ಮಾತಿನ ವಿಷಯ. ಹೇಳಿದ ಸಣ್ಣ ಮಾತು ಮೇಷ್ಟ್ರಿಗೆ ಅರ್ಥವಾಗುತ್ತಿತ್ತು. "ಕಣ್ಣು ಮುಚ್ಚಿ" ಎಂದರೆ ಮುಚ್ಚುತ್ತಿದ್ದರು. "ಕಣ್ಣು ಮುಚ್ಚಿ, ಆಮೇಲೆ ಎಡಗೈ ಎತ್ತಿ" ಎಂದರೆ ಮೊದಲ ಅರ್ಧಕ್ಕೇ ನಿಲ್ಲುತ್ತಿದ್ದರು. ಹೇಳಬೇಕಾದದ್ದು ಒಳಗೆ ಇತ್ತು, ಹೊರಗೆ ಬರುತ್ತಿರಲಿಲ್ಲ. ತುಟಿಯನ್ನು ಎಲ್ಲಿಡಬೇಕೆಂದು ಹುಡುಕುತ್ತಿದ್ದರು. ಕೊನೆಗೆ ಸೋತು ‘ಇಲ್ಲ’ ಅನ್ನುತ್ತಿದ್ದರು. ‘ಇಲ್ಲ’ ಅಂದ ಮೇಲೆ ಅದು ತಪ್ಪು ಅಂತ ಗೊತ್ತಾಗಿ ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದರು. ಆ ಗುದ್ದು ನನಗೆ ಧೈರ್ಯ ಕೊಟ್ಟಿತು. ತಪ್ಪು ತಿಳಿಯುತ್ತಿದೆ ಎಂದರೆ ತಿದ್ದಲು ದಾರಿಯಿದೆ.

ಮೊದಲ ಗುರಿ ಏನಿರಬೇಕು? ಮಗಳಿಗೆ ತನ್ನ ಹೆಸರು ಕರೆಯಲಿ ಅಂತ ಆಸೆ. ಹೆಂಡತಿಗೂ ಅಷ್ಟೇ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎರಡೇ ದಿನದಲ್ಲಿ ನ್ಯುಮೋನಿಯಾ ತಂದದ್ದು ಒಂದು ಸುಳ್ಳು ‘ಇಲ್ಲ’. ಊಟದ ಹೊತ್ತಿನಲ್ಲಿ ನಿಲ್ಲಿಸಿ ಅನ್ನಲು ಅವರಿಗೆ ಒಂದು ದಾರಿ ಬೇಕು. ಅದು ಮೊದಲು, ಹೆಸರು ಆಮೇಲೆ ಅಂದೆ. ಮಗಳು ಒಪ್ಪಿಕೊಂಡರು.

ಪುಸ್ತಕಗಳು ‘ಹೌದು–ಇಲ್ಲ’ದಿಂದ ಶುರು ಮಾಡಿ ಅನ್ನುತ್ತವೆ. ಕನ್ನಡದಲ್ಲಿ ಅದು ಅಷ್ಟು ಸರಳವಲ್ಲ. ನಮ್ಮಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ, ‘ಬೇಡ’ ಬೇರೆ, ‘ಸಾಕು’ ಬೇರೆ. "ನೋವಿದೆಯಾ?" ಎಂದರೆ ಇಲ್ಲ. "ಇದು ನಿಮ್ಮದಾ?" ಎಂದರೆ ಅಲ್ಲ. "ಇನ್ನೊಂದು ಚಮಚ?" ಎಂದರೆ ಬೇಡ, ಅಥವಾ ಸಾಕು. ಪ್ರಶ್ನೆ ಬದಲಾದಂತೆ ಉತ್ತರದ ಪದವೇ ಬದಲಾಗುತ್ತದೆ. ಮೇಷ್ಟ್ರ ಬಾಯಲ್ಲಿ ‘ಇಲ್ಲ’ ಕೂತುಬಿಟ್ಟಿತ್ತು. ಅದನ್ನು ಬಿಡಿಸಲು ಹೊರಟರೆ ಇನ್ನಷ್ಟು ಗಟ್ಟಿಯಾಗುವ ಭಯ. ಹಾಗಾಗಿ ‘ಇದೆಯಾ’ ಎಂಬ ಪ್ರಶ್ನೆಯನ್ನೇ ಎಲ್ಲರೂ ನಿಲ್ಲಿಸಬೇಕು ಅಂತ ಕಟ್ಟುನಿಟ್ಟು ಮಾಡಿದೆ. ‘ಇಲ್ಲ’ ಉತ್ತರವಾಗಬಲ್ಲ ಪ್ರಶ್ನೆಯನ್ನು ಯಾರೂ ಕೇಳಬಾರದು.

ಅದರ ಬದಲು ಏನು ಕಲಿಸುವುದು? ‘ಬೇಕು–ಬೇಡ’ ಜೋಡಿ ಮೊದಲು ನೆನಪಿಗೆ ಬಂತು. ಒಂದು ದಿನ ಪ್ರಯತ್ನಿಸಿ ಬಿಟ್ಟೆ. ಎರಡೂ ‘ಬೇ’ದಿಂದ ಶುರು. ತುಟಿ ಸೇರಿಸಿ ‘ಬೇ’ ಅನ್ನುವುದು ಅವರಿಗೆ ಬಂತು. ಮುಂದಿನ ಅಕ್ಷರದಲ್ಲಿ ‘ಕು’ ಹೊರಡುತ್ತದೋ ‘ಡ’ ಹೊರಡುತ್ತದೋ ಅವರ ಕೈಯಲ್ಲಿರಲಿಲ್ಲ. ಬೇಡ ಅನ್ನಬೇಕಾದ ಕಡೆ ಬೇಕು ಅಂದರೆ ಇನ್ನೊಂದು ಚಮಚ ಬಾಯಿಗೆ ಬರುತ್ತದೆ. ‘ಬೇಕು–ಸಾಕು’ ಆರಿಸಿಕೊಂಡೆ. ಎರಡೂ ‘ಕು’ದಲ್ಲಿ ಮುಗಿಯುತ್ತವೆ, ವ್ಯತ್ಯಾಸವೆಲ್ಲ ಮೊದಲ ಅಕ್ಷರದಲ್ಲಿ. ಒಂದಕ್ಕೆ ತುಟಿ ಮುಚ್ಚಿ ಬಿಡಬೇಕು. ಇನ್ನೊಂದಕ್ಕೆ ಹಲ್ಲಿನ ನಡುವಿಂದ ಗಾಳಿ ಬಿಡಬೇಕು. ಬಾಯಿ ತೆರೆಯುವ ಮುಂಚೆಯೇ ನೋಡಿದವರಿಗೆ ಯಾವುದು ಬರುತ್ತಿದೆ ಅಂತ ಗೊತ್ತಾಗುತ್ತದೆ.

ಮಾತು ಬರದಿದ್ದರೆ ಕೈ ಇರಲಿ ಅಂತ ಎರಡು ಕಾರ್ಡು ಮಾಡಿದೆವು. ಹಸಿರು ಕಾರ್ಡಿನಲ್ಲಿ ಚಮಚದ ಚಿತ್ರ, ಕೆಂಪಿನಲ್ಲಿ ಅಡ್ಡ ಹಿಡಿದ ಅಂಗೈ. ಕಾರ್ಡು ಕೊಟ್ಟರೆ ಮಾತಾಡುವ ಪ್ರಯತ್ನ ಬಿಟ್ಟುಬಿಡುತ್ತಾರೇನೋ ಅಂತ ಮಗಳಿಗೆ ಅಳುಕು. ಈ ಅಳುಕು ಬಹಳ ಮನೆಗಳಲ್ಲಿ ಇರುತ್ತದೆ. ನಾನು ಕಂಡಂತೆ ಆಗುವುದು ಉಲ್ಟಾ. ಹೇಳಲು ಇನ್ನೊಂದು ದಾರಿ ಇದೆ ಅಂತಾದಾಗ ಬಾಯಿಯ ಬಿಗಿ ಸಡಿಲವಾಗುತ್ತದೆ.

‘ಸಾಕು’ ಕಲಿಸಿದ್ದು ರಾಗದಲ್ಲಿ. 1973ರಲ್ಲಿ ಅಮೆರಿಕದ ಮೂವರು ತಜ್ಞರು ಒಂದು ವಿಧಾನ ವಿವರಿಸಿದ್ದರು. ಮಾತನ್ನು ಎರಡು ಸ್ವರದಲ್ಲಿ ಎಳೆದು ಹಾಡುವುದು, ಅಕ್ಷರಕ್ಕೊಂದು ತಾಳದಂತೆ ಎಡಗೈಯಿಂದ ತಟ್ಟುವುದು. ಮಾತು ಬಾರದವರೂ ಹಾಡುವುದನ್ನು ನೋಡಿ ಹುಟ್ಟಿದ ವಿಧಾನ ಅದು. ಮೇಷ್ಟ್ರ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದು ಮೇಜಿನ ಮೇಲೆ ತಟ್ಟುತ್ತಿದ್ದೆ. ‘ಸಾ’ಗೆ ಮೇಲಿನ ಸ್ವರ, ‘ಕು’ಗೆ ಕೆಳಗಿನದು. ಮೊದಲು ನಾನು ಹಾಡುವುದು, ಆಮೇಲೆ ಜೊತೆಯಲ್ಲಿ, ಆಮೇಲೆ ಅರ್ಧದಲ್ಲಿ ನಾನು ನಿಲ್ಲಿಸುವುದು. ಒಂದು ವಾರ ಬರೀ ‘ಆ…ಕು’ ಬಂತು. ಒಂಬತ್ತನೇ ದಿನ ‘ಸ’ಕಾರ ಸೇರಿತು.

ಇಪ್ಪತ್ತಾರನೇ ದಿನ ಮಧ್ಯಾಹ್ನ ಹೆಂಡತಿ ಊಟ ಮಾಡಿಸುತ್ತಿದ್ದರು. ನಾನು ಬಾಗಿಲಲ್ಲಿದ್ದೆ. ನಾಲ್ಕನೇ ಚಮಚ ಬಾಯಿಗೆ ಹತ್ತಿರ ಬಂದಾಗ ಮೇಷ್ಟ್ರು ಎಡಗೈಯಿಂದ ತಮ್ಮ ತೊಡೆಯ ಮೇಲೆ ಒಂದು ಸಲ ತಟ್ಟಿದರು. "ಸಾ…ಕು." ಚಮಚ ಗಾಳಿಯಲ್ಲೇ ನಿಂತಿತು. ಹೆಂಡತಿ ಅಳಲೂ ಇಲ್ಲ, ನಗಲೂ ಇಲ್ಲ. "ಆಯ್ತು ರೀ, ಸಾಕು" ಅಂತ ಹೇಳಿ ಚಮಚ ಕೆಳಗಿಟ್ಟು, ಅವರ ಗಂಟಲನ್ನೇ ನೋಡುತ್ತಾ ಕೂತರು. ಅವರು ಇನ್ನೆರಡು ಸಲ ನುಂಗಿ ಗಂಟಲು ಖಾಲಿ ಮಾಡಿಕೊಂಡರು. ನಾನು ಬಯಸಿದ್ದು ಇದನ್ನೇ.

ಹೇಳಲಾಗದ್ದನ್ನು ಕೈಗೆ ಕೊಡುವುದು

ನುಂಗುವ ವ್ಯಾಯಾಮಗಳಿಗೆ ಮಾತಿನ ತೊಂದರೆ ದೊಡ್ಡ ಅಡ್ಡಿ. ಉದಾಹರಣೆಗೆ, ಉಸಿರು ಬಿಗಿಹಿಡಿ, ನುಂಗು, ತಕ್ಷಣ ಕೆಮ್ಮು, ಮತ್ತೆ ನುಂಗು ಎಂಬ ಒಂದು ಕ್ರಮವಿದೆ. ಗಾಳಿಕೊಳವೆಯನ್ನು ಮೊದಲೇ ಮುಚ್ಚಲು ಅದು ಒಳ್ಳೆಯದು. ಆದರೆ ನಾಲ್ಕು ಹೆಜ್ಜೆ. ಎರಡು ಹೆಜ್ಜೆಯ ಸೂಚನೆಯೇ ಅರ್ಥವಾಗದವರಿಗೆ ಇದನ್ನು ಹೇಗೆ ಹೇಳುವುದು? ಬಿಟ್ಟುಬಿಟ್ಟೆ.

ಧ್ವನಿಪೆಟ್ಟಿಗೆಯನ್ನು ಮೇಲೆ ಹಿಡಿದು ನಿಲ್ಲಿಸುವ ವ್ಯಾಯಾಮವನ್ನು ಮಾತ್ರ ಕಲಿಸಲೇಬೇಕು ಅನ್ನಿಸಿತು. ಅದರಿಂದ ಅನ್ನನಾಳದ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. ಬಾಯಲ್ಲಿ ಒಂದು ಮಾತನ್ನೂ ಹೇಳಲಿಲ್ಲ. ಅವರ ಎಡಗೈ ಬೆರಳುಗಳನ್ನು ನನ್ನ ಗಂಟಲಿನ ಮೇಲೆ ಇಟ್ಟುಕೊಂಡು ನುಂಗಿದೆ. ಗಂಟು ಮೇಲೇರಿ ಇಳಿಯುವುದು ಅವರ ಬೆರಳಿಗೆ ತಿಳಿಯಿತು. ಇನ್ನೊಂದು ಸಲ ನುಂಗಿ, ಮೇಲೇರಿದಾಗ ಹಾಗೇ ಹಿಡಿದುಕೊಂಡೆ. ಅವರ ಹುಬ್ಬು ಮೇಲೇರಿತು. ಆಮೇಲೆ ಅದೇ ಬೆರಳುಗಳನ್ನು ಅವರ ಗಂಟಲಿನ ಮೇಲಿಟ್ಟೆ. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಒಂದು ಕ್ಷಣ ಹಿಡಿದರು. ಎರಡು ವಾರದಲ್ಲಿ ಎರಡು ಸೆಕೆಂಡು. ಗಣಿತದ ಮೇಷ್ಟ್ರಲ್ವಾ, ನಾನು ಬೆರಳು ಮಡಿಸಿ ಎಣಿಸುವುದನ್ನು ಗಮನವಿಟ್ಟು ನೋಡಿ, ಎಣಿಕೆ ತಪ್ಪಿದರೆ ಕಣ್ಣಲ್ಲೇ ತಿದ್ದುತ್ತಿದ್ದರು.

ಜೋರಾಗಿ ಹಿಂಡಿ ನುಂಗುವುದು, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು ಮುಂತಾದವು ಸಲೀಸಾಗಿ ಬಂದವು. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ.

ಹತ್ತು ಸೆಕೆಂಡು

ಹತ್ತೊಂಬತ್ತನೇ ದಿನ ಕೊಳವೆ ತೆಗೆದರು. ನುಣ್ಣಗೆ ರುಬ್ಬಿದ ಊಟ ಮತ್ತು ಮಂದ ಮಾಡಿದ ದ್ರವ ಬಾಯಿಂದಲೇ ಶುರುವಾಯಿತು. ಈಗ ಹೊಣೆ ಮನೆಯವರದು. ‘ಸ್ವಲ್ಪ ಮಂದ’ ಎಂದರೆ ಎಷ್ಟು? ಒಬ್ಬೊಬ್ಬರ ಕೈಗೆ ಒಂದೊಂದು ಅಳತೆ. ಇದಕ್ಕೆಂದೇ ಈಗ ಐಡಿಡಿಎಸ್‌ಐ ಎಂಬ ಜಗತ್ತಿಗೆಲ್ಲ ಒಂದೇ ಆದ ಅಳತೆ ಇದೆ. 0ಯಿಂದ 7ರವರೆಗೆ ಹಂತಗಳು. ತೆಳು ನೀರು 0, ಎಲ್ಲರೂ ತಿನ್ನುವ ಮಾಮೂಲಿ ಊಟ 7. ಮೇಷ್ಟ್ರಿಗೆ ದ್ರವ 2ನೇ ಹಂತದ್ದು, ಊಟ 4ನೇ ಹಂತದ್ದು.

ಪರೀಕ್ಷೆಗೆ ಬೇಕಾದದ್ದು 10 ಮಿಲೀ ಸಿರಿಂಜ್ ಒಂದೇ. ಸಿರಿಂಜ್‌ಗಳ ಉದ್ದ ಬೇರೆಬೇರೆ ಇರುತ್ತದೆ, ಗುರುತುಗಳ ಉದ್ದ ಸರಿಯಾಗಿರುವುದನ್ನೇ ಆರಿಸಿ ಕೊಟ್ಟಿದ್ದೆ. ಹೆಂಡತಿ ಸಿರಿಂಜಿನ ಒಳದಂಡ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, ದ್ರವವನ್ನು 10ರ ಗೆರೆಯವರೆಗೆ ತುಂಬುತ್ತಿದ್ದರು. ಬೆರಳು ತೆಗೆದು ಗಡಿಯಾರ ನೋಡಿ ಹತ್ತು ಸೆಕೆಂಡು ಬಿಟ್ಟು ಮತ್ತೆ ಮುಚ್ಚುವುದು. ಒಳಗೆ 4ರಿಂದ 8 ಮಿಲೀ ಉಳಿದರೆ 2ನೇ ಹಂತ. ಅದಕ್ಕಿಂತ ಕಡಿಮೆ ಉಳಿದರೆ ತೆಳು, ಹೆಚ್ಚು ಉಳಿದರೆ ಮಂದ ಜಾಸ್ತಿ.

ಒಂದು ದಿನ ಫೋನ್ ಮಾಡಿದರು. "ಮೇಡಂ, ಬೆಳಗ್ಗೆ ಅಳೆದಾಗ 6 ಉಳಿದಿತ್ತು. ಈಗ ಅದೇ ಪಾತ್ರೆಯಿಂದ ತೆಗೆದರೆ ಇಳಿಯೋದೇ ಇಲ್ಲ." ಇಡೀ ದಿನಕ್ಕೆ ಬೇಕಾದದ್ದನ್ನು ಒಟ್ಟಿಗೆ ಮಾಡಿಟ್ಟಿದ್ದರು. ಪಿಷ್ಟದಿಂದ ಮಾಡಿದ ಮಂದಕಾರಿ ಪುಡಿ ಇಟ್ಟಷ್ಟೂ ಗಟ್ಟಿಯಾಗುತ್ತದೆ. ಬಾಯಿಗೆ ಹೋದ ಮೇಲೆ ಜೊಲ್ಲು ಸೇರಿ ತೆಳುವಾಗುತ್ತದೆ, ಎಂಜಲು ಚಮಚ ಪಾತ್ರೆಗೆ ಅದ್ದಿದರೂ ಅಷ್ಟೇ. ನಾನು ಇದನ್ನು ಹೇಳಿರಲಿಲ್ಲ. ಅವರೇ ಅಳೆದು ಕಂಡುಹಿಡಿದರು. ಅಂದಿನಿಂದ ಆಗಾಗ ಬೇಕಾದಷ್ಟೇ ಕಲಸಿದರು.

ಮಂದ ನೀರು ಕುಡಿಯುವುದು ಯಾರಿಗೂ ಇಷ್ಟವಾಗದು. ಬಾಯಾರಿಕೆ ತೀರುವುದಿಲ್ಲ. ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಗ ದೇಹದಲ್ಲಿ ನೀರಿನಂಶ ಇಳಿಯುವ ಅಪಾಯ. ಮೇಷ್ಟ್ರಿಗೂ ಮೂತ್ರ ಗಾಢವಾಗತೊಡಗಿತು. ವೈದ್ಯರ ಜೊತೆ ಮಾತಾಡಿ ಐದನೇ ವಾರದಲ್ಲಿ ಒಂದು ಸಡಿಲಿಕೆ ತಂದೆವು. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ, ಬಾಯನ್ನು ಚೆನ್ನಾಗಿ ಉಜ್ಜಿ ತೊಳೆದು, ನೆಟ್ಟಗೆ ಕೂರಿಸಿ, ಸ್ವಲ್ಪ ತೆಳು ನೀರು. ಊಟದ ಜೊತೆ ಮಾತ್ರ ಬೇಡ. ಶುದ್ಧ ನೀರು ಸ್ವಲ್ಪ ಒಳಗೆ ಹೋದರೂ ಶ್ವಾಸಕೋಶ ಹೀರಿಕೊಳ್ಳಬಲ್ಲದು, ಹೆಚ್ಚು ಕೆಡುಕು ಅದರ ಜೊತೆ ಹೋಗುವ ಆಹಾರ ಮತ್ತು ರೋಗಾಣುಗಳಿಂದ ಎಂಬ ತಿಳಿವಳಿಕೆಯ ಮೇಲೆ ನಿಂತ ಕ್ರಮ ಇದು. ಎಲ್ಲರಿಗೂ ಆಗದು. ಅವರ ಎದೆ ಶುಚಿಯಾಗಿತ್ತು, ಓಡಾಡಲು ಶುರು ಮಾಡಿದ್ದರು, ಮನೆಯವರು ಬಾಯಿ ಶುಚಿ ತಪ್ಪಿಸುತ್ತಿರಲಿಲ್ಲ. ಹಾಗಾಗಿ ಒಪ್ಪಿದೆ. ಮೊದಲ ಗುಟುಕು ಇಳಿದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ದರು.

ಮಗ್ಗಿ

ಎರಡನೇ ತಿಂಗಳಲ್ಲಿ ಮಗಳು ಓಡಿ ಬಂದ ಹಾಗೆ ಫೋನ್ ಮಾಡಿದರು. "ಮೇಡಂ, ಅಪ್ಪನಿಗೆ ಮಾತು ಬಂತು! ಮಗ್ಗಿ ಹೇಳ್ತಿದ್ದಾರೆ!" ನಿಜ. ‘ಎರಡೊಂದ್ಲ ಎರಡು’ ಅಂತ ಯಾರಾದರೂ ಶುರು ಮಾಡಿಕೊಟ್ಟರೆ ‘ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು’ ಅಂತ ಒಂದೇ ಉಸಿರಿಗೆ ಇಪ್ಪತ್ತರವರೆಗೆ ಹೋಗುತ್ತಿದ್ದರು. ಉಚ್ಚಾರ ಸ್ಪಷ್ಟ. ಆದರೆ "ಎರಡೆರಡ್ಲ ಎಷ್ಟು?" ಎಂದು ಬಿಡಿಯಾಗಿ ಕೇಳಿದರೆ ತುಟಿ ತಡಕಾಡುತ್ತಿತ್ತು. ಬಾಯಿಪಾಠವಾದದ್ದು ಬರುವ ದಾರಿ ಬೇರೆ, ಬೇಕಾದ ಮಾತು ಹುಡುಕಿ ಹೇಳುವ ದಾರಿ ಬೇರೆ. ಮಗಳ ಸಂತೋಷಕ್ಕೆ ತಣ್ಣೀರು ಎರಚಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ, ಜೊತೆಗೆ ಅದನ್ನೇ ಉಪಯೋಗಿಸಿಕೊಂಡೆವು. ಮಗ್ಗಿಯನ್ನು ನಡುವೆ ನಿಲ್ಲಿಸಿ ಮುಂದಿನ ಸಂಖ್ಯೆ ಹೇಳಿಸುವುದು. ಆಮೇಲೆ ಆ ಸಂಖ್ಯೆಯಷ್ಟು ವಸ್ತು ತೋರಿಸಿ ಎಷ್ಟು ಅಂತ ಕೇಳುವುದು. ನಾಲ್ಕು, ಆರು, ಎಂಟು ಬೇಕಾದಾಗ ಬರತೊಡಗಿದವು. ಗಂಟೆ ಎಷ್ಟು ಎಂದರೆ ಹೇಳುವಂತಾದರು.

ಮೂರನೇ ತಿಂಗಳಲ್ಲಿ ಎರಡು ಪದ ಸೇರಿಸತೊಡಗಿದರು. "ನೀರು ಬೇಕು." "ಮಗಳು ಬಂದ." ಕ್ರಿಯಾಪದದ ಕೊನೆ ತಪ್ಪುತ್ತಿತ್ತು, ಬಂದಳು ಅನ್ನುವ ಕಡೆ ಬಂದ. ಕನ್ನಡದಲ್ಲಿ ಕ್ರಿಯಾಪದದ ಬಾಲ ಬಿಟ್ಟು ಬರೀ ಧಾತು ಹೇಳಿದರೆ ಹೇಳಿಕೆಯೇ ಆಗುವುದಿಲ್ಲ, ಹಾಗಾಗಿ ಅವರು ಯಾವುದಾದರೊಂದು ಬಾಲ ಅಂಟಿಸಿಬಿಡುತ್ತಿದ್ದರು. ಅದನ್ನು ತಿದ್ದಲು ಹೋಗಬೇಡಿ ಅಂದೆ. ಅರ್ಥವಾಯಿತಲ್ಲ, ಉತ್ತರ ಕೊಡಿ. ಮಗಳು "ಹೂಂ ಅಪ್ಪಾ, ಬಂದೆ" ಅನ್ನುತ್ತಿದ್ದರು.

ಆರು ತಿಂಗಳು

ಎಂಟನೇ ವಾರದಲ್ಲಿ ಮತ್ತೆ ಕ್ಯಾಮೆರಾ ಇಳಿಸಿ ನೋಡಿದೆವು. ತೆಳು ನೀರು ಧ್ವನಿಪೆಟ್ಟಿಗೆಯ ಬಾಯಿಯವರೆಗೆ ಬಂತು, ಧ್ವನಿತಂತುಗಳ ಕೆಳಗೆ ಹೋಗಲಿಲ್ಲ. ಮುಖ್ಯವಾಗಿ, ಅವರು ಕೆಮ್ಮಿದರು. ಆ ಕೆಮ್ಮು ಕೇಳಿ ನನಗಾದ ಸಂತೋಷ ಮಾತಲ್ಲಿ ಹೇಳಲಾರೆ. ಊಟದ ಜೊತೆಗೂ ತೆಳು ನೀರು ಕೊಡಬಹುದಾಯಿತು, ಸಣ್ಣ ಗುಟುಕಿನಲ್ಲಿ. ಊಟ 6ನೇ ಹಂತಕ್ಕೆ ಏರಿತು, ಅಂದರೆ ಫೋರ್ಕಿನಲ್ಲಿ ಒತ್ತಿದರೆ ಹಿಚುಕಿಹೋಗುವಷ್ಟು ಮೆದುವಾದ ಸಣ್ಣ ತುಂಡುಗಳು.

ಎಲ್ಲವೂ ಮರಳಿ ಬಂದಿಲ್ಲ. ಆರನೇ ತಿಂಗಳಲ್ಲೂ ಫೋನಿನಲ್ಲಿ ಮಾತಾಡಲು ಆಗುತ್ತಿರಲಿಲ್ಲ. ಪತ್ರಿಕೆಯ ತಲೆಬರಹ ಓದುತ್ತಿದ್ದರು, ಕೆಳಗಿನ ಸಾಲುಗಳಲ್ಲಿ ದಾರಿ ತಪ್ಪುತ್ತಿದ್ದರು. ಸುಸ್ತಾದರೆ ‘ಇಲ್ಲ’ ವಾಪಸ್ ಬರುತ್ತಿತ್ತು.

ಕೊನೆಯ ಸಲ ತೋರಿಸಲು ಬಂದಾಗಲೂ ಹಾಗೇ ಆಯಿತು. ದಾರಿಯ ಆಯಾಸ. ಕುರ್ಚಿಯಲ್ಲಿ ಕೂತವರನ್ನು, ಅಭ್ಯಾಸಬಲದಿಂದ, ನಾನೇ ಕೇಳಿಬಿಟ್ಟೆ: "ಹೇಗಿದ್ದೀರಿ ಸರ್, ನುಂಗೋಕೆ ತೊಂದರೆ ಏನಾದ್ರೂ ಇದೆಯಾ?"

"ಇಲ್ಲ."

ಹೆಂಡತಿ ತಡೆದರು. "ಹಾಗೆ ಕೇಳಬಾರದು ಮೇಡಂ." ಚೀಲದಿಂದ ಊಟದ ಹಂತಗಳ ಚಿತ್ರಗಳನ್ನು ತೆಗೆದು ಅವರ ಮುಂದೆ ಹರಡಿದರು. ನೀರು, ಮೆತ್ತಗಿನ ಊಟ, ಗಟ್ಟಿ ತುಂಡು, ಮಾತ್ರೆ. ನಂತರ ಸುಮ್ಮನೆ ಕಾದರು. ನಾನೂ ಕಾದೆ. ಮೇಷ್ಟ್ರ ಬೆರಳು ನೀರಿನ ಮೇಲೆ ಹೋಯಿತು, ಮುಂದಕ್ಕೆ ಜರುಗಿತು, ಮಾತ್ರೆಯ ಮೇಲೆ ನಿಂತಿತು. ಇನ್ನೊಂದು ಸಲ ತಟ್ಟಿತು. ಆಮೇಲೆ ಎಡಗೈಯಿಂದ ಗಂಟಲಿನ ಬಲಭಾಗ ಮುಟ್ಟಿ ತೋರಿಸಿದರು.

ನೀರಿನ ಜೊತೆ ಮಾತ್ರೆ ನುಂಗುವಾಗ ಬಾಯಲ್ಲಿ ಎರಡು ಬೇರೆಬೇರೆ ಪದಾರ್ಥವಿರುತ್ತದೆ. ತೆಳುವಾದದ್ದು ಮೊದಲು ಓಡುತ್ತದೆ, ಗಟ್ಟಿಯಾದದ್ದು ಹಿಂದೆ ಉಳಿದು ಅವರ ಸೋತ ಬಲಬದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಷ್ಟು ದಿನದಿಂದ ಹೀಗಾಗುತ್ತಿತ್ತೋ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ, ನಿಧಾನವಾಗಿ ಕರಗಬೇಕಾದವನ್ನು ಪುಡಿ ಮಾಡಿದರೆ ಮದ್ದು ಒಮ್ಮೆಗೇ ರಕ್ತಕ್ಕೆ ಸೇರುತ್ತದೆ. ಅವರ ಮಾತ್ರೆಗಳ ಪಟ್ಟಿ ಹಿಡಿದು ಫಾರ್ಮಸಿಸ್ಟ್ ಹತ್ತಿರ ಹೋದೆವು. ಒಂದಕ್ಕೆ ದ್ರವರೂಪ ಸಿಕ್ಕಿತು. ಎರಡನ್ನು ಪುಡಿ ಮಾಡಬಹುದಿತ್ತು. ಉಳಿದದ್ದನ್ನು ನುಣ್ಣಗಿನ ಒಂದು ಚಮಚ ಊಟದಲ್ಲಿ ಇಡಿಯಾಗಿ ಹುದುಗಿಸಿ, ತಲೆ ಬಲಕ್ಕೆ ತಿರುಗಿಸಿ ನುಂಗಿಸಿ ನೋಡಿದೆ. ಇಳಿಯಿತು.

"ಇನ್ನೊಂದು ಸಲ ನೋಡೋಣವಾ ಸರ್?" ಎಂದು ಚಮಚ ಎತ್ತಿದೆ.

ಅವರು ತೊಡೆಯ ಮೇಲೆ ತಟ್ಟಲಿಲ್ಲ. ಎಳೆಯಲೂ ಇಲ್ಲ. "ಸಾಕು" ಅಂದರು.